ಮಾಲೆ ಹಾಕಿದಾಗ ಬಿಟ್ಟವನು, ತೆಗೆದ ಮೇಲೆ ಯಾಕೆ ಬಿಡಲಾರ?

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮನಿಗೆ 34 ವರ್ಷ. ಸ್ವಂತ ಟಾಟಾ ಏಸ್ ಇದೆ, ಬಾಡಿಗೆಗೆ ಓಡಿಸುತ್ತಾನೆ. ಹತ್ತು ವರ್ಷದಿಂದ ಕುಡಿಯುತ್ತಾನೆ. ಆರು ತಿಂಗಳಿಂದ ಬೆಳಗ್ಗೆ ಎದ್ದ ಕೂಡಲೇ ಕೈ ನಡುಗುತ್ತದೆ. ಒಂದು ನೈಂಟಿ ಬಿದ್ದ ಮೇಲೇ ಸರಿಹೋಗುತ್ತಾನೆ. ದಿನಕ್ಕೆ ಎರಡು ಕ್ವಾರ್ಟರ್ ಆಗುತ್ತಿದೆ ಅಂತ ಅವನ ಗೆಳೆಯರು ಹೇಳಿದರು. ಎರಡು ವರ್ಷದ ಹಿಂದೆ ಅಯ್ಯಪ್ಪನ ಮಾಲೆ ಹಾಕಿದ್ದ. 41 ದಿನ ಒಂದು ಹನಿ ಮುಟ್ಟಲಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಮೂರನೇ ದಿನಕ್ಕೆ ಮತ್ತೆ ಶುರು. ಆಗ ಬಿಡೋಕೆ ಆಯ್ತು ಅಂದಮೇಲೆ ಈಗ ಯಾಕೆ ಆಗಲ್ಲ? ಇದು ಕೊಬ್ಬು ಅಲ್ವಾ? ನಾನು ಸಿಟ್ಟಿಗೆ ನಾಲ್ಕು ತಿಂಗಳಿಂದ ಅವನ ಜೊತೆ ಮಾತು ಬಿಟ್ಟಿದ್ದೇನೆ. ಅಮ್ಮ ಮಾತ್ರ ‘ಪಾಪ, ನಡುಗ್ತಾನೆ’ ಅಂತ ತನ್ನ ಗೃಹಲಕ್ಷ್ಮಿ ದುಡ್ಡಿನಲ್ಲೇ ಅವನಿಗೆ ಕೊಡುತ್ತಾಳೆ. ದೊಡ್ಡಪ್ಪ ಮದುವೆ ಮಾಡಿ ಅನ್ನುತ್ತಾರೆ. ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವ ಪುಡಿ ಸಿಗುತ್ತಂತೆ, ಕೊಡಬಹುದಾ? ಈ ಸಲವೂ ಮಾಲೆ ಹಾಕಿಸೋಣ ಅಂತ ಅಮ್ಮ. ಕನಿಕರ ತೋರಿಸಿದರೆ ಇನ್ನೂ ಹಾಳಾಗುತ್ತಾನೆ ಅಂತ ನಾನು. ಯಾರು ಸರಿ?
– ಹಾಸನ ಜಿಲ್ಲೆಯ ಓದುಗರು

ಉತ್ತರ: ಯಾರು ಸರಿ ಅನ್ನುವುದನ್ನು ಆಮೇಲೆ ನೋಡೋಣ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಬೆಳಗಿನ ಕೈ ನಡುಕ. ಕೊನೆಯಲ್ಲಿ ‘ಈ ಸಲವೂ ಮಾಲೆ ಹಾಕಿಸೋಣ’ ಅನ್ನುವ ಮಾತೂ ಇದೆ. ಇವೆರಡೂ ಒಟ್ಟಿಗೆ ಬಂದರೆ ಜೀವಕ್ಕೆ ಅಪಾಯ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಒಂದು ಕ್ವಾರ್ಟರ್ ಅಂದರೆ 180 ಎಂ.ಎಲ್. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂಡಿ, ರಮ್‌ಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಲೆಕ್ಕ ಹಾಕಿದರೆ ಕ್ವಾರ್ಟರಿಗೆ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್. ನಿಮ್ಮ ತಮ್ಮನಿಗೆ ದಿನಕ್ಕೆ 120 ಗ್ರಾಂ ಆಯಿತು. ಆಲ್ಕೋಹಾಲ್ ಮಿದುಳಿನ ವೇಗ ತಗ್ಗಿಸುವ ವಸ್ತು. ವರ್ಷಗಟ್ಟಲೆ ಯಾರೋ ಬ್ರೇಕ್ ಒತ್ತಿಕೊಂಡೇ ಇದ್ದರೆ, ಗಾಡಿ ನಿಲ್ಲಬಾರದು ಅಂತ ಮಿದುಳು ತಾನೂ ಆಕ್ಸಿಲರೇಟರ್ ಒತ್ತುತ್ತಾ ಹೋಗುತ್ತದೆ. ಒಂದು ದಿನ ತಟ್ಟನೆ ಬ್ರೇಕ್ ಬಿಟ್ಟರೆ ಏನಾಗುತ್ತದೆ ಅಂತ ನಿಮ್ಮ ತಮ್ಮನಿಗೇ ಚೆನ್ನಾಗಿ ಗೊತ್ತು, ಡ್ರೈವರ್ ಅಲ್ವಾ. ರಾತ್ರಿ ಮಲಗಿದ ಏಳೆಂಟು ಗಂಟೆ ಎಣ್ಣೆ ಒಳಗೆ ಹೋಗಿರುವುದಿಲ್ಲ. ಬೆಳಗ್ಗೆ ಕೈ ನಡುಗುವುದು, ಬೆವರುವುದು, ಓಕರಿಕೆ ಬರುವುದು, ಎದೆ ಹೊಡೆದುಕೊಳ್ಳುವುದು ಎಲ್ಲ ಅದಕ್ಕೇ. ಇದರಲ್ಲಿ ಕೊಬ್ಬಿಲ್ಲ. ದೇಹವೇ ಕೇಳುತ್ತಿರುವ ಹಂತ ಇದು.

ಈ ಹಂತಕ್ಕೆ ಬಂದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಡಾಕ್ಟರುಗಳು ಇದನ್ನು ಡಿಲೀರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ದಿನ, ಜಾಗ, ಮನೆಯವರ ಗುರುತು ಯಾವುದೂ ನೆಟ್ಟಗಿರುವುದಿಲ್ಲ. ಗೋಡೆ ಮೇಲೆ ಹುಳ ಹರಿದ ಹಾಗೆ ಕಾಣುತ್ತದೆ. ವಾರ್ಡಿನಲ್ಲಿ ಇಂಥ ಸ್ಥಿತಿಯ ಡ್ರೈವರುಗಳನ್ನು ನೋಡಿದರೆ ಎದೆ ಹಿಂಡುತ್ತದೆ. ಮಂಚದ ಮೇಲೆ ಕೂತು ಇಲ್ಲದ ಸ್ಟೇರಿಂಗ್ ತಿರುಗಿಸುತ್ತಿರುತ್ತಾರೆ. ಎಡಗೈ ಗೇರ್ ಹಾಕುತ್ತದೆ, ಕಾಲು ಕ್ಲಚ್ ಒತ್ತುತ್ತದೆ. ‘ಸೈಡಿಗೆ ಬಾರೋ’ ಅಂತ ನರ್ಸಿಗೇ ಗದರುತ್ತಾರೆ. ಟೈಲರ್ ಆದರೆ ಸೂಜಿಗೆ ದಾರ ಪೋಣಿಸುತ್ತಾನೆ. ಊರಲ್ಲಿ ಇದನ್ನು ಗಾಳಿ ಸೋಕಿದೆ ಅಂತ ತಿಳಿದು ದೇವಸ್ಥಾನಕ್ಕೆ ಕರೆದುಕೊಂಡು ಹೋಗುವವರು ಈಗಲೂ ಇದ್ದಾರೆ. ಚಿಕಿತ್ಸೆ ಇಲ್ಲದಿದ್ದರೆ ಇದರಲ್ಲಿ ಪ್ರಾಣ ಹೋಗಬಹುದು. ಸರಿಯಾದ ಮಾತ್ರೆ ಕೊಟ್ಟರೆ ಬಹುಪಾಲು ಜನರಿಗೆ ಇದು ಬರದ ಹಾಗೆಯೇ ತಡೆಯಬಹುದು. ಮೊದಲ ಒಂದು ವಾರ ಹತ್ತು ದಿನ ಮಾತ್ರೆ ಕೊಟ್ಟು, ದಿನದಿಂದ ದಿನಕ್ಕೆ ಕಡಿಮೆ ಮಾಡಿ ನಿಲ್ಲಿಸುತ್ತಾರೆ. ಇದನ್ನು ಡಾಕ್ಟರ್ ಲೆಕ್ಕದಲ್ಲೇ ಮಾಡಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಕೊಡುವ ಕೆಲಸ ಬೇಡ. ಆ ಮಾತ್ರೆಯ ಮೇಲೆ ಎಣ್ಣೆಯೂ ಬಿದ್ದರೆ ಉಸಿರೇ ನಿಲ್ಲಬಹುದು.

ಇನ್ನೊಂದು ಅಭ್ಯಾಸದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ‘ತುಂಬ ಸುಸ್ತು, ಒಂದು ಬಾಟಲ್ ಗ್ಲೂಕೋಸ್ ಹಾಕಿಸಿಕೊಂಡು ಬರೋಣ’ ಅಂತ ಹತ್ತಿರದ ಕ್ಲಿನಿಕ್ಕಿಗೆ ಹೋಗುತ್ತಾರಲ್ಲ, ಅಲ್ಲಿ ಇವನು ದಿನಾ ಕುಡಿಯುತ್ತಾನೆ ಅನ್ನುವುದನ್ನು ಮುಚ್ಚಿಡಬೇಡಿ. ಸರಿಯಾಗಿ ಊಟ ಮಾಡದೆ ಕುಡಿಯುವವರಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು, ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಡಾಕ್ಟರಿಗೆ ವಿಷಯ ಗೊತ್ತಿದ್ದರೆ ಮೊದಲು ಥಯಾಮಿನ್ ಇಂಜೆಕ್ಷನ್ ಕೊಡುತ್ತಾರೆ. ಖರ್ಚೂ ಹೆಚ್ಚಿಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಮಾಲೆ ಹಾಕಿದಾಗ ಬಿಟ್ಟನಲ್ಲ?

ಬಿಟ್ಟ. ಅದು ಸುಳ್ಳಲ್ಲ, ಸಣ್ಣ ಸಂಗತಿಯೂ ಅಲ್ಲ. ಆದರೆ ಎರಡು ವರ್ಷದ ಹಿಂದೆ ಅವನಿಗೆ ಬೆಳಗಿನ ನಡುಕ ಇರಲಿಲ್ಲ. ನೀವೇ ಬರೆದ ಹಾಗೆ ಅದು ಶುರುವಾಗಿ ಆರು ತಿಂಗಳು. ಆಗಿನ ದೇಹ ಬೇರೆ, ಈಗಿನದು ಬೇರೆ. ಇದು ಒಂದು ಕಾರಣ. ಇದಕ್ಕಿಂತ ದೊಡ್ಡ ಕಾರಣ ಆ 41 ದಿನಗಳಲ್ಲೇ ಇದೆ. ಆಗ ಅವನ ದಿನ ಹೇಗಿತ್ತು ಅಂತ ಸ್ವಲ್ಪ ನೆನಪಿಸಿಕೊಳ್ಳಿ. ನಸುಕಿಗೇ ಎದ್ದು ತಣ್ಣೀರು ಸ್ನಾನ. ಹೊತ್ತಿಗೆ ಸರಿಯಾಗಿ ಪೂಜೆ, ಹೊತ್ತಿಗೆ ಸರಿಯಾಗಿ ಊಟ. ಸಂಜೆ ಏಳು ಗಂಟೆಗೆ, ಅಂದರೆ ದಿನಾ ಬಾರಿಗೆ ಹೋಗುತ್ತಿದ್ದ ಹೊತ್ತಿಗೆ, ಭಜನೆ. ಸುತ್ತ ಹತ್ತು ಜನ ಸ್ವಾಮಿಗಳು, ಒಬ್ಬರೂ ಕುಡಿಯುವವರಲ್ಲ. ಹಳೇ ಗೆಳೆಯ ‘ಬಾರೋ ಒಂದು ನೈಂಟಿ’ ಅಂದರೆ ಬೇಡ ಅನ್ನಲು ನಾಚಿಕೆ ಪಡಬೇಕಾಗಿರಲಿಲ್ಲ. ಕೊರಳಲ್ಲಿ ಮಾಲೆ ಇತ್ತು, ಅವರೂ ಒತ್ತಾಯ ಮಾಡುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಇಡೀ ಊರು ಅವನನ್ನು ‘ಸ್ವಾಮಿ’ ಅಂತ ಕರೆಯುತ್ತಿತ್ತು. ಬಹುಶಃ ನೀವೂ ಕರೆದಿರಿ. ಅಮ್ಮ ಅವನಿಗೆ ಬೇರೆ ಚಾಪೆ, ಬೇರೆ ತಟ್ಟೆ ಇಟ್ಟಿರುತ್ತಾರೆ.

ಮಾಲೆ ತೆಗೆದ ದಿನ ಇದೆಲ್ಲ ಒಟ್ಟಿಗೆ ಹೋಯಿತು. ದಿನಚರಿ ಹೋಯಿತು, ಜೊತೆಯವರು ಹೋದರು, ಮರ್ಯಾದೆ ಹೋಯಿತು, ಬೇಡ ಅನ್ನಲು ಇದ್ದ ಕಾರಣ ಹೋಯಿತು. ಸಂಜೆ ಏಳು ಗಂಟೆ ಮಾತ್ರ ಉಳಿಯಿತು. ಮೂರನೇ ದಿನ ಕುಡಿದ ಅಂತ ನೀವು ಬರೆದಿದ್ದೀರಿ. ನಾನಾದರೆ ಎರಡು ದಿನ ಹೇಗೆ ತಡೆದುಕೊಂಡ ಅಂತ ಕೇಳುತ್ತೇನೆ.

ಹಾಗಾಗಿ ಆ ಮಾಲೆಯನ್ನು ಅವನ ವಿರುದ್ಧ ಸಾಕ್ಷಿ ಮಾಡಬೇಡಿ. ಏನೇನು ಸಿಕ್ಕರೆ ಇವನು ಕುಡಿಯದೆ ಇರಬಲ್ಲ ಅನ್ನುವುದಕ್ಕೆ ನಿಮ್ಮ ಮನೆಯಲ್ಲೇ ಸಿಕ್ಕ ಪುರಾವೆ ಅದು. ಕನಿಕರ ಅಂದರೆ ಅಯ್ಯೋ ಪಾಪ ಅನ್ನುವುದು ಅಂತ ನೀವು ತಿಳಿದಂತಿದೆ. ಅದು ಬೇಡವೇ ಬೇಡ. ಆ 41 ದಿನ ಊರು ತನಗೆ ಗೊತ್ತಿಲ್ಲದೆಯೇ ಅವನಿಗೆ ಕೊಟ್ಟದ್ದನ್ನು ಮಾಲೆ ಇಲ್ಲದೆಯೂ ಕೊಡಲು ಆಗುತ್ತದಾ ಅಂತ ನೋಡಬೇಕು. ನನ್ನ ಕೆಲಸದ ಅರ್ಧ ಭಾಗ ಅದೇ. ಇನ್ನರ್ಧ ಮಾತ್ರೆ.

ಈ ಸಲ ಮಾಲೆ ಹಾಕಿಸುವುದಾದರೆ ಹಾಕಿಸಿ, ನನ್ನ ಅಭ್ಯಂತರ ಇಲ್ಲ. ಆದರೆ ಅದಕ್ಕೆ ಕನಿಷ್ಠ ಎರಡು ವಾರ ಮೊದಲು ಆಸ್ಪತ್ರೆಗೆ ತೋರಿಸಿ, ನಡುಕದ ಚಿಕಿತ್ಸೆ ಮುಗಿದ ಮೇಲೆ ಹಾಕಿಸಿ. ಮಾಲೆ ಹಾಕುವ ಹಿಂದಿನ ರಾತ್ರಿವರೆಗೂ ಕುಡಿದು ಬೆಳಗ್ಗೆ ನಿಲ್ಲಿಸುವುದು ಈಗಿನ ಸ್ಥಿತಿಯಲ್ಲಿ ಸಾಧ್ಯವೇ ಇಲ್ಲ. ಗುರುಸ್ವಾಮಿಗೂ ವಿಷಯ ತಿಳಿಸಿ. ತಿಳಿದವರಾದರೆ ಅವರೇ ‘ಮೊದಲು ಡಾಕ್ಟರ ಹತ್ತಿರ ಹೋಗಿ ಬಾ’ ಅನ್ನುತ್ತಾರೆ.

ಇನ್ನು ಅಮ್ಮನ ದುಡ್ಡಿನ ವಿಚಾರ. ‘ನಡುಗ್ತಾನೆ’ ಅಂತ ಅಮ್ಮ ಹೇಳಿದ್ದು ವೈದ್ಯಕೀಯವಾಗಿ ಪೂರ್ತಿ ನಿಜ. ಮನೆಯಲ್ಲಿ ಅದನ್ನು ಸರಿಯಾಗಿ ಕಂಡವರು ಅವರೊಬ್ಬರೇ. ಹಾಗಂತ ಕೈಗೆ ನಗದು ಕೊಡುವುದು ಮುಂದುವರಿಯಬಾರದು. ಆದರೆ ನಾಳೆ ಬೆಳಗ್ಗೆಯೇ ನಿಲ್ಲಿಸಿ ಅಂತಲೂ ನಾನು ಹೇಳುವುದಿಲ್ಲ. ಅವನನ್ನು ಕೋಣೆಯಲ್ಲಿ ಕೂಡಿ ಹಾಕಿ ‘ಎರಡು ದಿನ ಒದ್ದಾಡಲಿ, ಸರಿಹೋಗುತ್ತಾನೆ’ ಅನ್ನುವ ಪ್ರಯೋಗ ಬೇಡ. ಆಸ್ಪತ್ರೆಗೆ ಹೋಗುವ ದಿನ ಗೊತ್ತು ಮಾಡಿಕೊಳ್ಳಿ. ಅವತ್ತಿನಿಂದ ನಗದು ನಿಲ್ಲಲಿ. ಅದಕ್ಕೆ ಮುಂಚೆಯೇ ಫಿಟ್ಸ್ ಬಂದರೆ, ಜ್ವರ ಬಂದು ಬಡಬಡಿಸಿದರೆ, ರಕ್ತ ವಾಂತಿ ಆದರೆ 108ಕ್ಕೆ ಫೋನ್ ಮಾಡಿ, ದಿನ ನೋಡುತ್ತಾ ಕೂರಬೇಡಿ.

ನಗದು ನಿಂತ ಮೇಲೆ ಊಟ ನಿಲ್ಲಬಾರದು. ಕೆಲವು ಮನೆಗಳಲ್ಲಿ ಕುಡಿದು ಬಂದವನಿಗೆ ಅನ್ನ ಇಡುವುದಿಲ್ಲ. ಅದರಿಂದ ಕುಡಿತ ಕಡಿಮೆ ಆದದ್ದನ್ನು ನಾನು ಕಂಡಿಲ್ಲ. ಹೊಟ್ಟೆ ಖಾಲಿ ಇದ್ದರೆ ಎಣ್ಣೆ ಇನ್ನೂ ಬೇಗ ಏರುತ್ತದೆ, ಬಿ1 ಇನ್ನೂ ಬರಿದಾಗುತ್ತದೆ. ಗಾಡಿ ಸಾಲದ ಕಂತು ಬಾಕಿ ಇದ್ದರೆ, ಕಟ್ಟಲೇಬೇಕು ಅನ್ನಿಸಿದರೆ ಫೈನಾನ್ಸಿನವರಿಗೆ ನೇರವಾಗಿ ಕಟ್ಟಿ. ಬಾರಿನ ಬಾಕಿ ಕಟ್ಟಬೇಡಿ. ಬಾಡಿಗೆಗೆ ಕರೆದವರು ಫೋನ್ ಮಾಡಿದಾಗ ‘ಅವನಿಗೆ ಜ್ವರ’ ಅಂತ ಅಮ್ಮ ಸುಳ್ಳು ಹೇಳುವುದು ನಿಲ್ಲಲಿ. ‘ಇವತ್ತು ಬರಲ್ಲ, ಅವನಿಗೇ ಫೋನ್ ಮಾಡಿ’ ಅಂದರೆ ಸಾಕು. ರಾತ್ರಿ ಮತ್ತಲ್ಲಿ ಬಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಅಂಗಾತ ಬೇಡ. ವಾಂತಿ ಉಸಿರುನಾಳಕ್ಕೆ ಹೋಗಿ ಸಾಯುವವರಿದ್ದಾರೆ. ಹೊಲದ ಮನೆ ಆದರೆ ಕೀಟನಾಶಕದ ಬಾಟಲಿಗಳಿಗೆ ಬೀಗ ಹಾಕಿ. ‘ನಾನು ಇದ್ದು ಏನು ಪ್ರಯೋಜನ’ ಅಂತ ಅವನು ಅಂದರೆ, ಕುಡಿದ ಮಾತು ಅಂತ ತಳ್ಳಿಹಾಕಬೇಡಿ.

ಒಂದು ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಗಾಡಿ ಕೀ. ಕಾನೂನಿನ ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿಲಿಗ್ರಾಂ. ಬೆಳಗ್ಗೆ ನೈಂಟಿ ಹಾಕಿ ಹೊರಟವನು ಆ ಮಿತಿಯೊಳಗೆ ಇರುವ ಸಂಭವ ಕಡಿಮೆ. ಅವನ ಜೀವದ ಜೊತೆ ಎದುರಿಗೆ ಸ್ಕೂಟರಿನಲ್ಲಿ ಬರುವವರ ಜೀವವೂ ಇದೆ. ಕೀ ಅಮ್ಮನ ಹತ್ತಿರ ಇರಲಿ. ಜಗಳ ಆದರೂ ಪರವಾಗಿಲ್ಲ. ಕೈ ಎತ್ತುವ ಹಂತಕ್ಕೆ ಹೋದರೆ ಅಮ್ಮ ಅಲ್ಲಿ ನಿಲ್ಲಬೇಕಾಗಿಲ್ಲ, ಪಕ್ಕದ ಮನೆಗೆ ಹೋಗಿ 112ಕ್ಕೆ ಫೋನ್ ಮಾಡಲಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ತಾಯಿಗೂ ಅನ್ವಯಿಸುತ್ತದೆ. ಕಾಯಿಲೆ ಇದೆ ಅಂತ ಹೊಡೆತ ತಿನ್ನಬೇಕು ಅಂತ ಎಲ್ಲೂ ಇಲ್ಲ.

ಈಗ ನಿಮ್ಮ ನಾಲ್ಕು ತಿಂಗಳ ಮೌನ. ಸಿಟ್ಟು ಬರುವುದು ಸಹಜ. ಆದರೆ ಅವನನ್ನು ಡಾಕ್ಟರ ಹತ್ತಿರ ಕರೆತರುವ ಶಕ್ತಿ ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದು ನಿಮಗೇ ಅಂತ ಪತ್ರ ಓದಿದರೆ ಅನ್ನಿಸುತ್ತದೆ. ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಿಮಗೆ ಉಪಯೋಗಕ್ಕೆ ಬರುತ್ತದೆ. ಚಿಕಿತ್ಸೆ ಬೇಡವೇ ಬೇಡ ಅನ್ನುತ್ತಿದ್ದ ಕುಡಿತದವರ ಮನೆಯ 130 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕ್ರಾಫ್ಟ್ ಅನ್ನುವ ತರಬೇತಿ. ಮನೆಯವರು ಯಾವಾಗ ಮಾತಾಡಬೇಕು, ಹೇಗೆ ಮಾತಾಡಬೇಕು, ಕುಡಿಯದ ಹೊತ್ತನ್ನು ಹೇಗೆ ಖುಷಿಯಾಗಿಡಬೇಕು ಅನ್ನುವುದನ್ನು ಕಲಿಸುವುದು. ಇನ್ನೊಂದು ಗುಂಪು ಎಲ್ಲರೂ ಒಟ್ಟಿಗೆ ಕೂತು ಅವನನ್ನು ಎದುರು ನಿಲ್ಲಿಸಿ ಹೇಳುವ ದಾರಿ. ಮೂರನೆಯದು ಆಲ್-ಅನಾನ್, ಅಂದರೆ ಕುಡಿತದವರ ಮನೆಯವರ ಸಂಘದ ದಾರಿ. ಕ್ರಾಫ್ಟ್ ಕಲಿತವರಲ್ಲಿ ಶೇ 64 ಮಂದಿ ತಮ್ಮವರನ್ನು ಚಿಕಿತ್ಸೆಗೆ ಕರೆತಂದರು. ಎದುರು ನಿಲ್ಲಿಸಿದ ಗುಂಪಿನಲ್ಲಿ ಶೇ 30, ಆಲ್-ಅನಾನ್ ಗುಂಪಿನಲ್ಲಿ ಶೇ 13. (ಆಲ್-ಅನಾನ್‌ನ ಉದ್ದೇಶವೇ ಬೇರೆ. ಅದು ಮನೆಯವರ ನೆಮ್ಮದಿಗಾಗಿ ಇರುವುದು, ಅದಕ್ಕೆ ಆ ಅಂಕಿಯಿಂದ ಅನ್ಯಾಯ ಆಗಬಾರದು.) ನಮ್ಮೂರಲ್ಲಿ ಪಂಚಾಯ್ತಿ ಸೇರಿಸಿ ಬುದ್ಧಿ ಹೇಳಿಸುತ್ತೇವಲ್ಲ, ಅದು ಎರಡನೇ ದಾರಿಗೆ ಹತ್ತಿರ. ಹತ್ತು ಜನರ ಎದುರು ತಲೆ ತಗ್ಗಿಸಿ ಕೂತವನು ಎದ್ದು ಸೀದಾ ಎಲ್ಲಿಗೆ ಹೋಗುತ್ತಾನೆ ಅಂತ ಎಲ್ಲರಿಗೂ ಗೊತ್ತು.

ಮಾತಾಡುವ ಹೊತ್ತು ಮುಖ್ಯ. ಕುಡಿದಾಗ ಬೇಡ, ಏನು ಹೇಳಿದರೂ ಬೆಳಗ್ಗೆ ನೆನಪಿರುವುದಿಲ್ಲ. ನಡುಕ ಜೋರಾಗಿದ್ದಾಗಲೂ ಬೇಡ. ನಿಮ್ಮ ತಮ್ಮನ ವಿಷಯದಲ್ಲಿ ಬೆಳಗ್ಗೆ ಒಂಬತ್ತು, ಹತ್ತು ಗಂಟೆ ಸರಿಯಾದ ಹೊತ್ತು ಅನ್ನಿಸುತ್ತದೆ. ತಿಂಡಿ ತಟ್ಟೆ ಮುಂದಿಟ್ಟು, ಬೇರೆ ಯಾರೂ ಇಲ್ಲದಾಗ. ನಾಲ್ಕು ತಿಂಗಳ ಮೇಲೆ ಮೊದಲ ಸಲ ಮಾತಾಡುವಾಗ ಕುಡಿತದ ವಿಷಯ ಎತ್ತಲೇಬೇಡಿ. ಎರಡು ದಿನ ಸುಮ್ನೆ ಊಟ ಆಯ್ತಾ, ಬಾಡಿಗೆ ಹೇಗಿದೆ ಅಂತಲೇ ಮಾತಾಡಿ. ಆಮೇಲೆ ಯಾವಾಗಲಾದರೂ:

‘ಏನೋ, ಬೆಳಗ್ಗೆ ನಿನ್ನ ಕೈ ನಡುಗೋದು ನೋಡಿದ್ರೆ ನಂಗೆ ಭಯ ಆಗುತ್ತೆ ಕಣೋ. ಅದಕ್ಕೆ ಮಾತ್ರೆ ಇದೆಯಂತೆ. ಮಂಗಳವಾರ ನಾನೂ ರಜ ಹಾಕ್ತೀನಿ, ಹೋಗಿ ತೋರಿಸ್ಕೊಂಡು ಬರೋಣ್ವಾ?’

ಇಷ್ಟೇ. ಅಪ್ಪನ ಹೆಸರು ಕೆಡಿಸಿದೆ, ನಿನ್ನಿಂದ ಅಮ್ಮ ಸಾಯ್ತಾಳೆ, ನಿನ್ನ ಜೊತೆಯವರೆಲ್ಲ ಮನೆ ಕಟ್ಟಿದ್ರು ಇವು ಯಾವುದೂ ಬೇಡ. ಅದೆಲ್ಲ ಅವನಿಗೆ ನಿಮಗಿಂತ ಚೆನ್ನಾಗಿ ಗೊತ್ತು. ‘ನಾನೇನು ಕುಡುಕನಾ? ಬೇಕಾದಾಗ ಬಿಡ್ತೀನಿ’ ಅಂತ ಅವನು ಅಂದೇ ಅನ್ನುತ್ತಾನೆ. ವಾದ ಮಾಡಬೇಡಿ. ‘ಆಯ್ತು ಬಿಡು, ಆ ನಡುಕಕ್ಕಾದ್ರೂ ತೋರಿಸೋಣ, ನಿದ್ದೆನೂ ಇಲ್ಲ ನಿಂಗೆ’ ಅನ್ನಿ. ಬಿಡುತ್ತೇನೆ ಅಂತ ಒಪ್ಪಿಕೊಳ್ಳದೆಯೇ ನಿದ್ದೆಗೆ, ನಡುಕಕ್ಕೆ, ಹೊಟ್ಟೆ ಉರಿಗೆ ಅಂತ ಒಳಗೆ ಬಂದವರು ಎಷ್ಟೋ ಜನ. ನಮಗೆ ಅಷ್ಟು ಸಾಕು. ಇವತ್ತು ಬರಲ್ಲ ಅಂದರೆ ಒಂದು ವಾರ ಬಿಟ್ಟು ಮತ್ತೆ ಕೇಳಿ. ಅಮ್ಮನ ತಲೆ ಮೇಲೆ ಕೈ ಇಡಿಸಿ ಆಣೆ ಮಾಡಿಸಬೇಡಿ. ಆ ಆಣೆ ಮುರಿದ ದಿನ ಅಮ್ಮನ ಮುಖ ನೋಡಲಾಗದೆ ಇನ್ನೊಂದು ಕ್ವಾರ್ಟರ್ ಜಾಸ್ತಿ ಕುಡಿಯುತ್ತಾನೆ.

ಪುಡಿಯ ವಿಷಯ. ‘ರೋಗಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು’ ಅಂತ ಬಸ್ ಸ್ಟ್ಯಾಂಡ್ ಗೋಡೆಗಳಲ್ಲಿ ಬರೆದಿರುತ್ತಾರಲ್ಲ, ದಯವಿಟ್ಟು ಆ ಕಡೆ ಹೋಗಬೇಡಿ. ಅದರಲ್ಲಿ ಏನಿದೆ ಅಂತ ಮಾರುವವರೂ ಹೇಳುವುದಿಲ್ಲ. ಡೈಸಲ್ಫಿರಾಂ ಅನ್ನುವ ಒಂದು ಮಾತ್ರೆ ಇದೆ. 1940ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಇದರ ಗುಣ ಪತ್ತೆಯಾಯಿತು. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿದುಕೊಂಡು, ಬಿ.ಪಿ. ಇಳಿಯುತ್ತದೆ. ಜಾಸ್ತಿ ಕುಡಿದರೆ ಜೀವಕ್ಕೇ ಅಪಾಯ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಹೀಗಾಗಬಹುದು. ಒಪ್ಪಿ, ತಿಳಿದು, ಮನೆಯವರ ಎದುರು ದಿನಾ ನುಂಗುವವರಿಗೆ ಇದು ಒಳ್ಳೆಯ ಔಷಧಿ. ಸಾಂಬಾರಿನಲ್ಲಿ ಕಲಸಿ ಕೊಟ್ಟರೆ ವಿಷಕ್ಕೆ ಸಮ. ಒಂದು ದಿನ ಅವನಿಗೆ ಗೊತ್ತಾದರೆ ಆಮೇಲೆ ಆ ಮನೆಯ ಅನ್ನವನ್ನೂ ನಂಬುವುದಿಲ್ಲ, ಡಾಕ್ಟರ ಮಾತ್ರೆಯನ್ನೂ ನಂಬುವುದಿಲ್ಲ.

ಮದುವೆ? ಬೇಡ. ದೊಡ್ಡಪ್ಪನಿಗೆ ನನ್ನ ಹೆಸರು ಹೇಳಿ. ಬೇರೆ ಮನೆಯ ಹೆಣ್ಣುಮಗಳು ನಿಮ್ಮ ತಮ್ಮನ ಔಷಧಿ ಅಲ್ಲ.

ಎಲ್ಲಿ ತೋರಿಸಬೇಕು? ನಿಮ್ಮ ಜಿಲ್ಲೆಯಲ್ಲೇ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಹಲವು ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬರುತ್ತಾರೆ. ಸಾಮಾನ್ಯವಾಗಿ ಮಂಗಳವಾರ, ಆದರೂ ಹೋಗುವ ಮೊದಲು ವಿಚಾರಿಸಿ. ಲಿವರ್ ಕೆಟ್ಟಿದ್ದರೆ, ಹಿಂದೆ ಫಿಟ್ಸ್ ಬಂದಿದ್ದರೆ ಒಳರೋಗಿಯಾಗಿಯೇ ಸೇರಿಸಬೇಕಾಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ. ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ವ್ಯಸನಕ್ಕೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಅವನು ಬರಲು ಒಪ್ಪದಿದ್ದರೂ ನೀವೊಬ್ಬರೇ ಹೋಗಿ ಮಾತಾಡಬಹುದು. ಇದು ತುಂಬ ಜನರಿಗೆ ಗೊತ್ತೇ ಇಲ್ಲ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರದ ಬಗ್ಗೆ ನೀವು ಕೇಳಿರಬಹುದು. ಹಳ್ಳಿಯ ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಸುಮಾರು ಒಂದು ವಾರ ಒಟ್ಟಿಗೆ ಇರಿಸಿಕೊಳ್ಳುತ್ತಾರೆ. ಯೋಗ, ಭಜನೆ, ಮಾತುಕತೆ, ಕೊನೆಗೆ ಮನೆಯವರನ್ನೂ ಕರೆಸುತ್ತಾರೆ. ಆ ಶಿಬಿರದಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಅದು ಮುಗಿದ ಮೇಲಿನ ಭಾಗ. ಬಿಟ್ಟವರು ಸೇರಿ ನವಜೀವನ ಸಮಿತಿ ಮಾಡಿಕೊಳ್ಳುತ್ತಾರೆ, ಆಗಾಗ ಸೇರುತ್ತಾರೆ. ಮಾಲೆ ತೆಗೆದ ದಿನ ನಿಮ್ಮ ತಮ್ಮ ಕಳೆದುಕೊಂಡ ಜೊತೆ ಅಲ್ಲಿ ಸಿಗಬಹುದು. ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಘದ ಸಭೆಗಳೂ ಹೀಗೆಯೇ, ಕನ್ನಡದಲ್ಲೂ ನಡೆಯುತ್ತವೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡಿತದವರು ಒಬ್ಬರಿಗೊಬ್ಬರು ಆಸರೆಯಾಗಿ ಶುರು ಮಾಡಿದ್ದು. ಅದರಲ್ಲಿ ಒಬ್ಬರು ಡಾಕ್ಟರೇ. ಶಿಬಿರಕ್ಕೆ ಸೇರಿಸುವ ಮೊದಲು ಬೆಳಗಿನ ನಡುಕದ ವಿಷಯ ಮುಚ್ಚಿಡದೆ ಹೇಳಿ, ಡಾಕ್ಟರಿಗೆ ತೋರಿಸಿಯೇ ಸೇರಿಸಿ.

ಖಾಸಗಿ ಕೇಂದ್ರಗಳಲ್ಲಿ ಒಳ್ಳೆಯವೂ ಇವೆ. ಆದರೆ ‘ನೀವು ಅಡ್ರೆಸ್ ಕೊಡಿ ಸಾಕು, ನಮ್ಮ ಹುಡುಗರು ಬಂದು ಎತ್ಕೊಂಡು ಹೋಗ್ತಾರೆ, ಮೂರು ತಿಂಗಳು ನೀವು ನೋಡೋಕೆ ಬರಬೇಡಿ’ ಅನ್ನುವ ಜಾಗಕ್ಕೆ ಕಳಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುಗಳಿಂದ ಬರುವ ಸಮಸ್ಯೆಯೂ ಸೇರಿದೆ. ಸರಪಳಿ ಹಾಕುವಂತಿಲ್ಲ. ಕೇಂದ್ರ ನೋಂದಣಿ ಆಗಿರಬೇಕು. ಒಪ್ಪಿಗೆ ಇಲ್ಲದೆ ಸೇರಿಸಲು ಷರತ್ತುಗಳಿವೆ. ಇಬ್ಬರು ತಜ್ಞರು ಬೇರೆ ಬೇರೆಯಾಗಿ ನೋಡಬೇಕು, ಮೊದಲ ಸಲ 30 ದಿನ ಮೀರುವಂತಿಲ್ಲ. ನೋಂದಣಿ ಪತ್ರ ತೋರಿಸಿ, ಮನೋವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ವಾರಕ್ಕೊಮ್ಮೆ ನಾನು ಬಂದು ನೋಡಬಹುದಾ ಅಂತ ಕೇಳಿ. ಉತ್ತರ ತಡವರಿಸಿದರೆ ವಾಪಸ್ ಬನ್ನಿ.

ನಡುಕದ ಚಿಕಿತ್ಸೆ ಮುಗಿದ ಮೇಲೆ ಎಲ್ಲ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ನಿಜವಾಗಿ ಕೆಲಸ ಶುರುವಾಗುವುದು ಆಗ. ಕುಡಿಯುವ ತುಡಿತ ಕಡಿಮೆ ಮಾಡುವ ಮಾತ್ರೆಗಳಿವೆ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಬ್ಯಾಕ್ಲೊಫೆನ್. ಲಿವರ್, ಕಿಡ್ನಿ ನೋಡಿಕೊಂಡು ಯಾವುದು ಅಂತ ಡಾಕ್ಟರ್ ನಿರ್ಧರಿಸುತ್ತಾರೆ. ತಿಂಗಳುಗಟ್ಟಲೆ ನುಂಗಬೇಕು. ಇದರ ನಡುವೆ ಒಂದು ದಿನ ಕುಡಿದರೂ ಕುಡಿಯಬಹುದು. ಚಿಕಿತ್ಸೆ ಪಡೆದವರಲ್ಲಿ ಶೇ 40ರಿಂದ 60 ಮಂದಿ ಒಂದು ವರ್ಷದೊಳಗೆ ಒಮ್ಮೆಯಾದರೂ ಮರಳಿ ಕುಡಿಯುತ್ತಾರೆ ಅಂತ ಸಂಶೋಧನೆಗಳು ಹೇಳುತ್ತವೆ. ಬಿ.ಪಿ., ಶುಗರ್, ಅಸ್ತಮಾ ಇರುವವರು ಪಥ್ಯ ತಪ್ಪಿ ಮತ್ತೆ ಆಸ್ಪತ್ರೆಗೆ ಬರುವ ಪ್ರಮಾಣವೂ ಹೆಚ್ಚು ಕಡಿಮೆ ಹೀಗೇ ಇದೆ. ಶುಗರ್ ಏರಿದಾಗ ನಾವು ಡಾಕ್ಟರ ಹತ್ತಿರ ಕಳಿಸುತ್ತೇವೆ, ಇವನಿಗೆ ಮಾತ್ರ ಬಾಗಿಲು ಹಾಕುತ್ತೇವೆ. ಕುಡಿದ ಮಾರನೇ ದಿನವೇ ಓಪಿಡಿಗೆ ಕರೆತನ್ನಿ. ‘ಎಲ್ಲ ನೀರಲ್ಲಿ ಹೋಮ’ ಅಂತ ಅವನೂ ಅನ್ನುತ್ತಾನೆ, ಅಮ್ಮನೂ ಅನ್ನುತ್ತಾರೆ. ನೀವಾದರೂ ಅನ್ನಬೇಡಿ.

ಎಡವುವ ಜಾಗಗಳು ಮೊದಲೇ ಗೊತ್ತಿರುತ್ತವೆ. ಬೀಗರ ಊಟ, ಯುಗಾದಿ ಮಾರನೆಯ ಹೊಸತೊಡಕು, ಊರ ಹಬ್ಬ, ಬಾಡಿಗೆ ದುಡ್ಡು ಕೈಗೆ ಬಂದ ಸಂಜೆ. ಮೊದಲ ವರ್ಷ ಬೀಗರ ಊಟಕ್ಕೆ ಹೋಗದಿದ್ದರೆ ನಂಟಸ್ತಿಕೆ ಮುರಿಯುವುದಿಲ್ಲ. ಹೋಗಲೇಬೇಕು ಅಂದರೆ ನೀವು ಜೊತೆಗೆ ಹೋಗಿ, ಊಟ ಮುಗಿದ ಕೂಡಲೇ ಹೊರಡಿ. ಬೇಡ ಅನ್ನಲು ಈಗ ಮಾಲೆ ಇರುವುದಿಲ್ಲ. ‘ಲಿವರ್‌ಗೆ ಮಾತ್ರೆ ತಗೋತಿದೀನಿ, ಡಾಕ್ಟರು ಬೇಡ ಅಂದಿದಾರೆ’ ಅನ್ನುವ ಒಂದು ಸಾಲು ಅವನ ಬಾಯಲ್ಲಿ ಸಿದ್ಧವಿರಲಿ. ಸಂಜೆ ಏಳು ಗಂಟೆಗೆ ಅವನಿಗೆ ಏನಾದರೂ ಕೆಲಸ ಇರಲಿ. ಹಾಲು ಹಾಕಿ ಬರುವುದೋ, ಮಕ್ಕಳನ್ನು ಟ್ಯೂಷನ್ನಿಂದ ಕರೆತರುವುದೋ. ಮನೆಯ ಲೆಕ್ಕದ ಒಂದು ಭಾಗ ಅವನಿಗೆ ವಹಿಸಿ. ಕರೆಂಟ್ ಬಿಲ್ ಆದರೂ ಸರಿ. ಕುಡಿಯದ ದಿನ ಅವನ ಜೊತೆ ಕೂತು ಊಟ ಮಾಡಿ. ಕುಡಿದ ದಿನ ಮಾತು ಕಡಿಮೆ ಇರಲಿ, ಬೈಗುಳ ಬೇಡ.

2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಪ್ಯಾಕೆಟ್ ಹೋಗಿ ಕ್ವಾರ್ಟರ್ ಬಂತು. 2019ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಮದ್ಯಕ್ಕೆ ಪೂರ್ತಿ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮನೆಗಳಲ್ಲಿ ನಿಮ್ಮ ಮನೆಯದೇ ಜಗಳ ನಡೆಯುತ್ತಿರುತ್ತದೆ. ಒಬ್ಬರು ದುಡ್ಡು ಕೊಡುತ್ತಾರೆ, ಇನ್ನೊಬ್ಬರು ಮಾತು ಬಿಡುತ್ತಾರೆ, ಇಬ್ಬರೂ ಒಬ್ಬರನ್ನೊಬ್ಬರು ದೂರುತ್ತಾರೆ. ಯಾರು ಸರಿ ಅಂತ ಕೇಳಿದಿರಿ. ನಡುಕ ಕಂಡದ್ದರಲ್ಲಿ ಅಮ್ಮ ಸರಿ. ನಗದು ಕೊಡಬಾರದು ಅನ್ನುವುದರಲ್ಲಿ ನೀವು ಸರಿ. ಕನಿಕರದಿಂದ ಹಾಳಾಗುತ್ತಾನೆ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಆಸ್ಪತ್ರೆಗೆ ಹೋಗುವ ದಿನ ಅವನು ಬೆಳಗ್ಗೆ ಕುಡಿದು ಬಂದರೂ ಪರವಾಗಿಲ್ಲ, ಕರೆತನ್ನಿ. ವಾಸನೆ ಬರುತ್ತದೆ ಅಂತ ಯಾರೂ ವಾಪಸ್ ಕಳಿಸಬಾರದು. ಕೊನೆಯ ಸಲ ಯಾವಾಗ, ಎಷ್ಟು ಕುಡಿದ, ಹಿಂದೆ ಫಿಟ್ಸ್ ಬಂದಿತ್ತಾ, ಬೇರೆ ಯಾವ ಮಾತ್ರೆ ನುಂಗುತ್ತಾನೆ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಹಳೇ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ರಿಪೋರ್ಟ್ ಇದ್ದರೆ ತನ್ನಿ. ಆಧಾರ್, ರೇಷನ್ ಕಾರ್ಡ್ ಇರಲಿ. ಅಮ್ಮನನ್ನೂ ಜೊತೆಗೆ ಕರೆದುಕೊಂಡು ಬನ್ನಿ. ನಿದ್ದೆ ಇಲ್ಲದ ಆ ಮನೆಯಲ್ಲಿ ಅವರ ಬಿ.ಪಿ. ಎಷ್ಟಿದೆಯೋ, ಅದನ್ನೂ ಅವತ್ತೇ ನೋಡಿಸಿಬಿಡಿ.